ಗುಮ್ಮಟದ ಜೊತೆ ಬಾವಡಿಯನ್ನೂ ನೋಡೋಣ

ಬೇರೆ ಊರಿನವರು ಸಿಕ್ಕರೆ ನಾವು ವಿಜಯಪುರದವರು ಮೊದಲು ಹೇಳುವುದು ಗೋಳಗುಮ್ಮಟದ ಸುದ್ದಿ. ನಾನೂ ಹಾಗೆಯೇ. ಆದರೆ ನಮ್ಮ ಮನೆ ನಡೆಯುವುದು ಇಂಡಿ ತಾಲ್ಲೂಕಿನ ಎರಡು ಎಕರೆ ಲಿಂಬೆ ತೋಟದಿಂದ. ಪ್ರಥಮ ಪಿಯುಸಿಯಲ್ಲಿ ಇದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಗೆಳತಿಯರು "ನಿಮ್ಮ ಅಬ್ಬಾ ಏನು ಮಾಡ್ತಾರೆ?" ಎಂದು ಕೇಳಿದರೆ "ಬಿಸಿನೆಸ್" ಎಂದುಬಿಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ನಮ್ಮ ಬೋರ್ ಬತ್ತಿತು. ಅಬ್ಬಾ ಸಾಲ ಮಾಡಿ ಟ್ಯಾಂಕರ್ ನೀರು ಹಾಕಿಸಿ ಗಿಡ ಉಳಿಸಿಕೊಂಡರು. ಒಂದು ದಿನ ಮಾರುಕಟ್ಟೆಗೆ ಲಿಂಬೆ ತಂದವರನ್ನು ತಾಜ್ ಬಾವಡಿ ತೋರಿಸಲು ಕರೆದುಕೊಂಡು ಹೋದೆ. ಅವರು ಕಮಾನಿನ ಕಡೆ ನೋಡಲೇ ಇಲ್ಲ. ದಂಡೆಯಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. "ಬಾದಶಾಹರಿಗೂ ನಮ್ಮದೇ ಚಿಂತಿ ಇತ್ತು ನೋಡವ್ವ" ಎಂದರು.

ಆ ಮಾತು ನಿಜ. ಆದಿಲ್ ಶಾಹಿಗಳು 1490ರಿಂದ 1686ರವರೆಗೆ ಆಳಿದ್ದು ಮಳೆ ಕಡಿಮೆ ಬೀಳುವ ಈ ನೆಲದಲ್ಲೇ. ತೊರವಿಯ ಕಡೆಯಿಂದ ಸುರಂಗದಲ್ಲಿ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ತಂದರು. ಬಾವಡಿಗಳನ್ನು ಕಟ್ಟಿಸಿದರು. ಔರಂಗಜೇಬನ ಸೈನ್ಯ ಬಂದ ಮೇಲೆ ದರ್ಬಾರು ಹೋಯಿತು. ಊರು ಮಾತ್ರ ಉಳಿಯಿತು. ಇಂದು ಅದನ್ನು ಸಾಕುತ್ತಿರುವುದು ಜೋಳ, ದ್ರಾಕ್ಷಿ, ದಾಳಿಂಬೆ, ಲಿಂಬೆ ಬೆಳೆಯುವವರ ಬೆವರು. ನಮ್ಮ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ.

ಹೀಗಿದ್ದೂ ನಮಗೆ ಗುಮ್ಮಟದ ಹೆಮ್ಮೆ ಇದೆ, ಬಾವಡಿಯ ಕಾಳಜಿ ಇಲ್ಲ. ಓಣಿಯ ಹಳೆಯ ಬಾವಿಗಳಿಗೆ ಪ್ಲಾಸ್ಟಿಕ್ ಚೀಲ, ಒಣಗಿದ ಹೂವಿನ ಹಾರ ಎಸೆಯುವವರು ನಾವೇ. ಸ್ವಚ್ಛ ಮಾಡುವುದು ಸರ್ಕಾರದ ಕೆಲಸ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಕಸ ಎಸೆಯದಿರುವುದು ಯಾರ ಕೆಲಸ?

ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಪ್ರವಾಸದಲ್ಲಿ ಗುಮ್ಮಟ ನೋಡಿದ ಮೇಲೆ ಒಂದು ಗಂಟೆ ಬಾವಡಿಗೂ ಕೊಡಿ. ಇತಿಹಾಸದ ಸರ್ ಆ ನೀರು ಹೇಗೆ ಬರುತ್ತಿತ್ತು ಎಂದು ಅಲ್ಲೇ ನಿಂತು ಹೇಳಲಿ. ಹೊಲ ಇರುವ ಮನೆಯ ಮಕ್ಕಳು ತಮ್ಮ ಊರಿನ ಬೋರ್ ಎಷ್ಟು ಅಡಿಗೆ ಇಳಿದಿದೆ ಎಂದು ಹೇಳಲಿ. ಎರಡೂ ಒಂದೇ ಪಾಠ.

ಈಗ ಯಾರಾದರೂ ಕೇಳಿದರೆ "ನಮ್ಮ ಅಬ್ಬಾ ಲಿಂಬೆ ಬೆಳೀತಾರೆ" ಎಂದೇ ಹೇಳುತ್ತೇನೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ