ಶನಿವಾರದ ಮೈಕ್

ಬೆಂಗಳೂರಿನ ನಮ್ಮ ಏರಿಯಾದಲ್ಲಿ ಒಂದು ಅಗ್ಗದ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಎಗ್ ರೈಸ್ ಸೂಪರ್, ಉಳಿದದ್ದು ಪರವಾಗಿಲ್ಲ. ಶನಿವಾರ ಕರೋಕೆ. (1971ರಲ್ಲಿ ಈ ಯಂತ್ರ ಮಾಡಿದ ಜಪಾನಿನ ದೈಸುಕೆ ಇನೊವೆ ಪೇಟೆಂಟನ್ನೇ ಮಾಡಿಸಲಿಲ್ಲ, ಪುಣ್ಯಾತ್ಮ!)

ರಿಟೈರ್ ಆಗಿ ತುಮಕೂರಿಂದ ಬಂದ ಅಪ್ಪನಿಗೆ ಇಲ್ಲಿ ಟಿವಿ ಬಿಟ್ಟರೆ ಯಾರೂ ಪರಿಚಯವಿಲ್ಲ. ಹೋದ ವಾರ ಊಟಕ್ಕೆ ಅಂತ ಕರ್ಕೊಂಡು ಹೋದೆ. ಪಕ್ಕದ ಟೇಬಲ್ಲಿನ ಆಟೋ ಡ್ರೈವರ್ ಒಬ್ಬರು ಅಣ್ಣಾವ್ರ ಹಾಡು ಹಾಡ್ತಾ ಚರಣದಲ್ಲಿ ನಿಂತುಬಿಟ್ಟರು. ಪರದೆ ಮೇಲೆ ಕನ್ನಡ ಹಾಡು, ಇಂಗ್ಲಿಷ್ ಅಕ್ಷರ! ಅಪ್ಪ ಕೂತಲ್ಲಿಂದಲೇ ಸಾಲು ಎತ್ತಿಕೊಟ್ಟರು. ಮೈಕ್ ಅವರ ಕೈಗೇ ಬಂತು. ಶ್ರುತಿ ಎಲ್ಲೆಲ್ಲೋ ಹೋಯ್ತು, ಯಾರೂ ನಗಲಿಲ್ಲ. ವೇಯ್ಟರ್ ಪ್ಲೇಟ್ ಹಿಡ್ಕೊಂಡು ನಿಂತೇ ಇದ್ದ.

ಮೊನ್ನೆ ಗುರುವಾರವೇ ಅಪ್ಪ ಕೇಳಿದರು: "ಶನಿವಾರ ಎಷ್ಟು ಗಂಟೆಗೋ ಶುರು?"