ಆರ್ಮ್ ಗಟ್ಟಿ, ಬ್ರಾಕೆಟ್ಟಿನ ಗತಿ?

ಇನ್ನೋವಾ ಕ್ರಿಸ್ಟಾಗೆ ರೀಮ್ಯಾಪ್ ಮಾಡಿಸಿ ಪಿಕಪ್ ಏರಿಸಿಕೊಂಡವರು ಆಮೇಲೆ ಹುಡುಕುವುದು ಹಿಂಬದಿಯ ‘ಹೆವಿ ಡ್ಯೂಟಿ’ ಆರ್ಮ್. ಬಿಡದಿಯ ಕಾರ್ಖಾನೆ ಹಾಕಿಕೊಟ್ಟ ಲೆಕ್ಕವನ್ನು ರಾಮನಗರ, ಚನ್ನಪಟ್ಟಣದಲ್ಲಿ ತಿದ್ದುವ ಆಸೆ. ಆಸೆಗೆ ನಮ್ಮ ತಕರಾರಿಲ್ಲ. ಪೈಪಿನ ದಪ್ಪ, ಮೇಲಿನ ಬಣ್ಣ ನೋಡಿ ದುಡ್ಡು ಎಣಿಸುವುದಕ್ಕೆ ಇದೆ.

ಮ್ಯಾನ್ಯುಯಲ್ ಗೇರಿನ 2.4 ಲೀಟರ್ ಡೀಸೆಲ್ ಕ್ರಿಸ್ಟಾದ ಟಾರ್ಕ್ 343 ನ್ಯೂಟನ್ ಮೀಟರ್. ಮೊದಲ ಗೇರು, ಡಿಫರೆನ್ಷಿಯಲ್ ದಾಟಿ ಚಕ್ರ ಸೇರುವಷ್ಟರಲ್ಲಿ ಅದು ಹತ್ತು ಪಟ್ಟು ಮೀರುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹೌಸಿಂಗ್ ಹಿಂದಕ್ಕೆ ಹೊರಳಲು ನೋಡುತ್ತದೆ, ಡಿಫರೆನ್ಷಿಯಲ್‌ನ ಮೂತಿ ಮೇಲೇಳುತ್ತದೆ. ಅದನ್ನು ಹಿಡಿದಿಡಲು ಇನ್ನೋವಾದಲ್ಲಿ ಮೇಲೆರಡು, ಕೆಳಗೆರಡು ಲಿಂಕ್‌ಗಳಿವೆ. ಆರ್ಮ್ ಎನ್ನುವುದು ಇವನ್ನೇ. ಅಡ್ಡಕ್ಕೆ ಜರುಗದಂತೆ ಇನ್ನೊಂದು ರಾಡ್.

ಅಮೆರಿಕದ ಷೆವರ್ಲೆ ಕಮಾರೊದಲ್ಲಿ 1982ರಿಂದ 2002ರವರೆಗೆ ಈ ಕೆಲಸಕ್ಕೆ ಡಿಫರೆನ್ಷಿಯಲ್‌ನಿಂದ ಮುಂದಕ್ಕೆ ಚಾಚಿದ ಒಂದು ಉದ್ದನೆಯ ಟಾರ್ಕ್ ಆರ್ಮ್ ಇತ್ತು. ಅದರ ಮುಂತುದಿಯನ್ನು ಗೇರ್‌ಬಾಕ್ಸ್‌ ಬಾಲಕ್ಕೆ ಕಟ್ಟಿದ್ದರಿಂದ ಪೆಟ್ಟೆಲ್ಲ ಗೇರ್‌ಬಾಕ್ಸ್‌ಗೇ. ಅಲ್ಲಿನ ಪರ್ಫಾರ್ಮೆನ್ಸ್ ಬಿಡಿಭಾಗದವರು ಆ ತುದಿಯನ್ನು ಬಿಡಿಸಿ ಬೇರೊಂದು ಕ್ರಾಸ್‌ಮೆಂಬರ್‌ಗೆ ಕೂರಿಸಿದರು. ಆರ್ಮ್ ಕೊಳ್ಳುವ ಮುಂಚೆ ಕೇಳಬೇಕಾದದ್ದೂ ಅದನ್ನೇ: ಪೆಟ್ಟು ಹೋಗಿ ಸೇರುವುದೆಲ್ಲಿ?

ನಮ್ಮಲ್ಲಿ ಆ ಪೆಟ್ಟು ಮೊದಲು ತಿನ್ನುವುದು ಲಿಂಕಿನ ತುದಿಯಲ್ಲಿರುವ ಬುಷ್. ಕಂಪನಿಯ ರಬ್ಬರ್ ಬುಷ್ ಮೆತ್ತಗಿರುವುದು ಜಿಪುಣತನದಿಂದಲ್ಲ. ಮಾಗಡಿ ಕಡೆಯ ಹಳ್ಳಿ ರಸ್ತೆಯಲ್ಲಿ ಹಂಪನ್ನು ಓರೆಯಾಗಿ ಹತ್ತಿಸಿದರೆ ಒಂದು ಚಕ್ರ ಮೇಲೆ, ಒಂದು ಕೆಳಗೆ. ಆಗ ಆಕ್ಸಲ್ ವಾಲಲೇಬೇಕು, ಲಿಂಕ್ ಕೊಂಚ ತಿರುಚಿಕೊಳ್ಳಲೇಬೇಕು. ಎರಡೂ ತುದಿಗೆ ಲೇತಿನಲ್ಲಿ ತಿರುವಿಸಿದ ನೈಲಾನ್ ಬುಷ್ ಬಡಿದು ಕೂರಿಸಿದಿರೋ, ಆ ತಿರುಚಿಗೆ ಜಾಗವೇ ಇಲ್ಲ. ಆರ್ಮ್ ಬಗ್ಗದು, ಬುಷ್ ಬಗ್ಗದು. ಕೊನೆಗೆ ಚಾಸಿಗೆ ವೆಲ್ಡ್ ಮಾಡಿದ ಬ್ರಾಕೆಟ್ ಬಿರುಕು ಬಿಡುತ್ತದೆ. ರಾಡ್ ಎಂಡ್ ಬೇರಿಂಗ್ ಹಾಕಿದರೆ ತಿರುಚು ಸರಾಗ, ಆದರೆ ನಮ್ಮ ಧೂಳು ಕೆಸರಿಗೆ ಅದು ಬೇಗ ಲೂಸಾಗಿ ಟಕಟಕ ಶುರುಮಾಡುತ್ತದೆ. ರೇಸ್ ಟ್ರ್ಯಾಕಿಗೆ ಸರಿ. ಮನೆಮಂದಿಯನ್ನು ಕೂರಿಸಿಕೊಂಡು ಕನಕಪುರಕ್ಕೆ ಹೋಗುವ ಗಾಡಿಗೆ ಯಾಕೆ?

ಇನ್ನೊಂದು ಮಾತು, ಇದು ಮೆಕ್ಯಾನಿಕ್‌ಗಳಿಗೆ. ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗ ಪೂರ್ತಿ ಬಿಗಿಯಬೇಕು. ಜಾಕಿ ಮೇಲೆ ಆಕ್ಸಲ್ ಜೋತುಬಿದ್ದಿರುವಾಗಲೇ ಬಿಗಿದುಬಿಟ್ಟರೆ ಇಳಿಸಿದ ಕ್ಷಣದಿಂದಲೇ ಬುಷ್ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ‘ಮಾಲು ಸರಿಯಿಲ್ಲ’ ಎಂಬ ದೂರು. ಹಾಗೆ ನೋಡಿದರೆ ಹಿಂಬದಿ ಕುಪ್ಪಳಿಸುವ ಎಷ್ಟೋ ಹಳೇ ಇನ್ನೋವಾಗಳಿಗೆ ಬೇಕಿರುವುದು ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಅಷ್ಟೇ. ಇನ್ನೋವಾ ಹೈಕ್ರಾಸ್‌ನವರಂತೂ ಈ ಗೋಜಿಗೆ ಹೋಗುವುದೇ ಬೇಡ. ಅದು ಮುಂದಿನ ಚಕ್ರ ಎಳೆಯುವ ಗಾಡಿ.

ಕಾನೂನು ಖಡಕ್ಕಾಗಿದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾರಿದವರ ಹೆಸರೂ ಕಾಗದದಲ್ಲಿರಲಿ: ಪಾರ್ಟ್ ನಂಬರ್, ತಯಾರಕರ ಹೆಸರು ಇರುವ ಬಿಲ್ ಕೊಡದ ಅಂಗಡಿಯಿಂದ ಆರ್ಮ್ ತರಬೇಡಿ.

ಆದರೆ ಆರ್‌ಟಿಒ ಕಣ್ಣಿಗೆ ಸುಲಭವಾಗಿ ಬೀಳುವುದು ಕರ್ಕಶ ಸೈಲೆನ್ಸರ್, ಕಪ್ಪು ಗಾಜು, ಕಣ್ಣು ಕುಕ್ಕುವ ಲೈಟು. ಹಳದಿ ಬೋರ್ಡಿನ ಇನ್ನೋವಾಗಳು ಎಫ್‌ಸಿಗೆ ಬಂದಾಗಲಾದರೂ ತಪಾಸಣೆ ಮಾಡುವವರು ಟಾರ್ಚ್ ಹಿಡಿದು ಕೆಳಗೆ ಬಗ್ಗಲಿ. ಆ ನಾಲ್ಕು ಲಿಂಕ್, ಎಂಟು ಬುಷ್, ಅವು ಕೂತ ವೆಲ್ಡಿಂಗ್ ನೋಡಿದ ಮೇಲೆ ಸಹಿ ಹಾಕಲಿ.