ಕೀಲಿಮಣೆಯೂ ಮೌಸೂ ಒಟ್ಟಿಗೆ ಮುನಿದಾಗ

ಆಷಾಢದ ಒಂದು ಸಂಜೆ. ಜಯನಗರದ ಮೂರನೆಯ ಬ್ಲಾಕಿನ ಮನೆಯೊಂದರಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ತಮ್ಮ ತಾಯಿ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ ಹಸೆಯ ಹಾಡು, ಆರತಿಯ ಹಾಡುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡುವ ಕೆಲಸ ಅವರದು. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿವಿನ್ಯಾಸ ಅವರ ಬೆರಳುಗಳಿಗೆ ರೂಢಿಯಾಗಿತ್ತು. ಆದರೆ ಪುಸ್ತಕದ ಹಾಳೆಗಳು ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣವಾಗಿದ್ದವು. ಮಸಿ ಮಾಸಿದ ಸಾಲುಗಳನ್ನು ನೆನಪಿನಿಂದಲೇ ತುಂಬಬೇಕಾಗಿತ್ತು. ಮಧ್ಯಾಹ್ನದಿಂದ ಹನ್ನೊಂದು ಹಾಡುಗಳು ಮುಗಿದಿದ್ದವು. ಹನ್ನೆರಡನೆಯದರ ನಡುವೆ ಅಕ್ಷರ ಮೂಡುವುದು ನಿಂತುಹೋಯಿತು. ಮೌಸನ್ನು ಎಳೆದು ನೋಡಿದರು. ಪರದೆಯ ಮೇಲಿನ ಬಾಣದ ಗುರುತು ಕದಲಲಿಲ್ಲ. ಅಷ್ಟು ಹೊತ್ತಿನಿಂದ ಬರೆದುದನ್ನು ಒಮ್ಮೆಯೂ ಉಳಿಸಿರಲಿಲ್ಲವೆಂಬುದು ಆಗ ಅವರ ನೆನಪಿಗೆ ಬಂದಿತು.

"ಅಜ್ಜಿ, ಬಟನ್ ಒತ್ತಿಹಿಡಿದು ಆಫ್ ಮಾಡಿಬಿಡ್ತೀನಿ, ಸರಿಹೋಗುತ್ತೆ" ಎನ್ನುತ್ತ ಮೊಮ್ಮಗ ಕೈ ಚಾಚಿದ. ಅಡಿಗೆಮನೆಯಿಂದ ಬಂದ ಸೊಸೆ ಮಗನ ಕೈಯನ್ನು ತಡೆದು, "ಇರೋ, ಮೊದಲು ಗಡಿಯಾರ ನೋಡು" ಎಂದಳು.

ಅವಳು ಹೇಳಿದ್ದು ಪರದೆಯ ಮೂಲೆಯಲ್ಲಿದ್ದ ಪುಟ್ಟ ಗಡಿಯಾರವನ್ನು. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಆರು ಗಂಟೆ ನಲವತ್ತೆರಡು ನಿಮಿಷ ಎಂದಿದ್ದುದು ನಲವತ್ತಮೂರು ಆಯಿತು. ಯಂತ್ರ ಎಚ್ಚರವಾಗಿಯೇ ಇದೆ, ಅದಕ್ಕೆ ಇವರ ಮಾತು ಮಾತ್ರ ಮುಟ್ಟುತ್ತಿಲ್ಲ ಎಂದಾಯಿತು. ಹನ್ನೊಂದು ಹಾಡುಗಳು ಯಂತ್ರದ ತಾತ್ಕಾಲಿಕ ನೆನಪಿನಲ್ಲಿ ಇನ್ನೂ ಭದ್ರವಾಗಿದ್ದವು. ಬಟನ್ ಒತ್ತಿಹಿಡಿದಿದ್ದರೆ ಆ ನೆನಪು ಅಳಿಸಿಹೋಗುತ್ತಿತ್ತು.

ಇಂತಹ ಸಂದರ್ಭದಲ್ಲಿ ಬಹುಮಂದಿ ಕೀಲಿಮಣೆಯೂ ಕೆಟ್ಟಿತು, ಮೌಸೂ ಕೆಟ್ಟಿತು ಎಂದು ತೀರ್ಮಾನಿಸಿ ಎರಡನ್ನೂ ಎಸ್. ಪಿ. ರಸ್ತೆಯ ಅಂಗಡಿಗೆ ಹೊತ್ತೊಯ್ಯಲು ಹೊರಡುವುದುಂಟು. ಅಡಿಗೆಮನೆಯ ನಲ್ಲಿಯೂ ಬಚ್ಚಲುಮನೆಯ ನಲ್ಲಿಯೂ ಒಂದೇ ಗಳಿಗೆಯಲ್ಲಿ ಬತ್ತಿದರೆ ಬೆಂಗಳೂರಿನ ಯಾವ ಗೃಹಿಣಿಯೂ ಎರಡು ನಲ್ಲಿಗಳನ್ನೂ ಬಿಚ್ಚಿಸುವುದಿಲ್ಲ. ತಾರಸಿಯ ಮೇಲಿನ ತೊಟ್ಟಿಯನ್ನು ನೋಡಿಬರಲು ಹೇಳುತ್ತಾಳೆ. ಇಲ್ಲಿಯೂ ಅದೇ ನ್ಯಾಯ. ಎರಡು ಉಪಕರಣಗಳು ಏಕಕಾಲಕ್ಕೆ ಕೆಡುವುದು ಅಪರೂಪ. ಎರಡಕ್ಕೂ ಸಮಾನವಾದುದು ಯಾವುದೋ ಅಲ್ಲಿ ದೋಷವನ್ನು ಹುಡುಕಬೇಕು.

ಸಮಾನವಾಗಿರುವುವು ಮೂರು: ಯಂತ್ರ, ಸಂಪರ್ಕದ ದಾರಿ, ಯಂತ್ರವನ್ನು ನಡೆಸುವ ತಂತ್ರಾಂಶ. ಯಂತ್ರ ಎಚ್ಚರವಾಗಿದೆಯೇ ಎಂಬುದನ್ನು ಗಡಿಯಾರ ಹೇಳುತ್ತದೆ. ತಂತಿಯುಳ್ಳ ಕೀಲಿಮಣೆಯಾದರೆ ಇನ್ನೊಂದು ಪರೀಕ್ಷೆಯೂ ಉಂಟು. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಹೊತ್ತುವ ಪುಟ್ಟ ದೀಪವನ್ನು ಕೀಲಿಮಣೆ ತಾನಾಗಿ ಹೊತ್ತಿಸುವುದಿಲ್ಲ. ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಆಜ್ಞೆ ಹಿಂದಿರುಗಿದ ಮೇಲೆಯೇ ದೀಪ ಹೊತ್ತುತ್ತದೆ. ದೀಪ ಹೊತ್ತಿ ಆರುತ್ತಿದ್ದರೆ ಹೋಗುವ ದಾರಿಯೂ ಬರುವ ದಾರಿಯೂ ಸರಿಯಾಗಿವೆಯೆಂದು ತಿಳಿಯಬಹುದು. ಗಡಿಯಾರವೂ ನಿಂತು ದೀಪವೂ ಹೊತ್ತದಿದ್ದರೆ ಯಂತ್ರವೇ ಮರವಟ್ಟಿದೆಯೆಂದು ಅರ್ಥ. ಆಗಲೂ ಐದಾರು ನಿಮಿಷ ಕಾದು ನೋಡುವುದು ಮೇಲು. ಬಟನ್ ಒತ್ತಿಹಿಡಿಯುವುದು ಕೊನೆಯ ಉಪಾಯ.

ಜಯನಗರದ ಮನೆಯಲ್ಲಿದ್ದುದು ತಂತಿಯಿಲ್ಲದ ಜೋಡಿ. ಕೀಲಿಮಣೆ, ಮೌಸುಗಳೆರಡೂ ಉಗುರಿನಷ್ಟು ಗಾತ್ರದ ಒಂದೇ ರಿಸೀವರಿನ ಮೂಲಕ ಕಂಪ್ಯೂಟರಿನೊಡನೆ ಮಾತನಾಡುತ್ತಿದ್ದವು. ಸೊಸೆ ಬ್ಯಾಟರಿಗಳನ್ನು ಬದಲಾಯಿಸಿದಳು, ಪ್ರಯೋಜನವಾಗಲಿಲ್ಲ. "ಅಟ್ಟದ ಮೇಲೆ ಹಳೆಯ ಕೀಬೋರ್ಡ್ ಇದೆಯಲ್ಲ, ತಗೊಂಡು ಬಾ" ಎಂದಳು. ಧೂಳು ಕೊಡವಿ ಅದರ ತಂತಿಯನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದೇ ತಡ, ಅಕ್ಷರ ಮೂಡಿತು. ಅತ್ತೆಯವರು ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಎಸ್ ಕೀಲಿಯನ್ನು ಒತ್ತಿದರು. ಹಾಡುಗಳು ಉಳಿದವು. ದೋಷದ ಶೋಧನೆ ಆರಂಭವಾದುದು ಆಮೇಲೆ. ಮೊದಲು ಉಳಿಸುವುದು, ಅನಂತರ ದುರಸ್ತಿ: ಈ ಕ್ರಮ ತಪ್ಪಬಾರದು.

ದೋಷ ಸಿಕ್ಕಿದ್ದು ಯಾರೂ ಎಣಿಸದಿದ್ದ ಕಡೆ. ಅಜ್ಜಿಯ ಹಾಡುಗಳಿಗೆ ಇನ್ನೊಂದು ಪ್ರತಿ ಇರಲೆಂದು ಮೊಮ್ಮಗ ಅಂದು ಹೊಸ ಹಾರ್ಡ್ ಡಿಸ್ಕೊಂದನ್ನು ತಂದು, ರಿಸೀವರಿನ ಪಕ್ಕದ ನೀಲಿಬಣ್ಣದ ಕಿಂಡಿಗೆ ಸಿಕ್ಕಿಸಿದ್ದ. ಯುಎಸ್‌ಬಿ 3.0 ಎಂಬ ವೇಗದ ಸಂಪರ್ಕ ಕೆಲಸ ಮಾಡುವಾಗ ಅದರಿಂದ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳನ್ನೂ ವ್ಯಾಪಿಸುತ್ತದೆ. ತಂತಿಯಿಲ್ಲದ ಕೀಲಿಮಣೆ, ಮೌಸುಗಳಲ್ಲಿ ಹೆಚ್ಚಿನವು ಮಾತನಾಡುವುದೂ ಅದೇ ತರಂಗಗಳಲ್ಲಿ. ಇಂಟೆಲ್ ಸಂಸ್ಥೆ ಇದನ್ನು 2012ರಲ್ಲಿಯೇ ವಿವರವಾಗಿ ಪ್ರಕಟಿಸಿತ್ತು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದಂತಾಗಿತ್ತು. ರಿಸೀವರನ್ನು ತೆಗೆದು ಯಂತ್ರದ ಮುಂಭಾಗದ ಕಿಂಡಿಗೆ ಬದಲಾಯಿಸಿದೊಡನೆ ಮೌಸಿನ ಬಾಣ ಮೊದಲಿನಂತೆ ಓಡಾಡಿತು. ಖರ್ಚು ಒಂದು ಕಾಸೂ ಇಲ್ಲ.

ಎಲ್ಲ ಮನೆಗಳಲ್ಲಿಯೂ ಕಾರಣ ಇದೇ ಆಗಿರಬೇಕಿಲ್ಲ. ಎರಡೂ ತಂತಿಗಳು ಒಂದೇ ಹಬ್ಬಿಗೆ ಸೇರಿದ್ದರೆ, ಅದನ್ನು ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕು. ನೇರಳೆ, ಹಸಿರು ಬಣ್ಣದ ದುಂಡು ಕಿಂಡಿಗಳಿರುವ ಹಳೆಯ ಯಂತ್ರವಾದರೆ, ನೇರಳೆ ಕೀಲಿಮಣೆಗೆ, ಹಸಿರು ಮೌಸಿಗೆ. 1987ರಲ್ಲಿ ಐಬಿಎಂ ಬಳಕೆಗೆ ತಂದ ಈ ಬಗೆಯ ಸಂಪರ್ಕವನ್ನು ಯಂತ್ರ ನಡೆಯುತ್ತಿರುವಾಗ ಕಿತ್ತು ಸಿಕ್ಕಿಸಲಾಗದು. ವಿದ್ಯುತ್ತನ್ನು ನಿಲ್ಲಿಸಿಯೇ ಮುಟ್ಟಬೇಕು.

ಕೀಲಿಮಣೆಯೊಂದೇ ನಿಂತಾಗ, ಅದು ಕೆಡದೆಯೂ ಕೆಟ್ಟಂತೆ ತೋರುವುದುಂಟು. ವಿಂಡೋಸ್ ಯಂತ್ರಗಳಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಫಿಲ್ಟರ್ ಕೀಸ್ ಎಂಬ ಏರ್ಪಾಡಿಗೆ ಕರೆ ಹೋಗುತ್ತದೆ. ಕೈನಡುಕವುಳ್ಳವರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಅದು. ಕ್ಷಣಮಾತ್ರದ ಒತ್ತುಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಕೀಲಿಯನ್ನು ಹೆಚ್ಚು ಹೊತ್ತು ಒತ್ತಿದಾಗ ಅಕ್ಷರ ಬಂದರೆ ಇದೇ ಕಾರಣವಿರಬಹುದು. ಅದೇ ಶಿಫ್ಟನ್ನು ಮತ್ತೆ ಎಂಟು ಸೆಕೆಂಡು ಒತ್ತಿಹಿಡಿದರೆ ಸರಿಹೋಗುತ್ತದೆ. ಮೌಸೊಂದೇ ನಿಂತರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಂ ಲಾಕ್ ಈ ಮೂರನ್ನೂ ಒಟ್ಟಿಗೆ ಒತ್ತಿ, ಕೇಳುವ ಪ್ರಶ್ನೆಗೆ ಎಂಟರ್ ಒತ್ತಿದರೆ, ಬಲಬದಿಯ ಅಂಕಿಗಳ ಕೀಲಿಗಳಿಂದಲೇ ಬಾಣವನ್ನು ನಡೆಸಬಹುದು.

ದೋಷ ತಂತ್ರಾಂಶದಲ್ಲಿದೆಯೇ ಎಂದು ತಿಳಿಯಲು, ಬರೆದುದನ್ನೆಲ್ಲ ಉಳಿಸಿದ ಮೇಲೆ ಯಂತ್ರವನ್ನು ಹೊಸದಾಗಿ ಆರಂಭಿಸಿ, ಮೊದಲ ಪರದೆ ಮೂಡುತ್ತಿದ್ದಂತೆ ಎಫ್2 ಅಥವಾ ಡಿಲೀಟ್ ಕೀಲಿಯನ್ನು ಒತ್ತಬೇಕು. ಕೆಲವು ಯಂತ್ರಗಳಲ್ಲಿ ಈ ಕೀಲಿ ಬೇರೆಯಿರುತ್ತದೆ. ವಿಂಡೋಸ್ ಎಚ್ಚರಗೊಳ್ಳುವ ಮುನ್ನವೇ ಬರುವ ಆ ಪರದೆಯಲ್ಲಿ ಕೀಲಿಮಣೆ ಕೆಲಸ ಮಾಡಿದರೆ ಅದು ನಿರ್ದೋಷಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಪರಿಷ್ಕರಣೆಯೊಂದು ಇದಕ್ಕೆ ಉದಾಹರಣೆ. ಯಂತ್ರ ಕೆಟ್ಟಾಗ ತೆರೆಯುವ ದುರಸ್ತಿಯ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸುಗಳೆರಡೂ ಆಗ ಸ್ತಬ್ಧವಾದವು. ಉಳಿದಂತೆ ಅವು ಸರಿಯಾಗಿಯೇ ಇದ್ದವು. ಅಕ್ಟೋಬರ್ 20ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ತಿದ್ದುಪಡಿಯಿಂದ ಆ ತೊಂದರೆ ನೀಗಿತು. ಆ ಆರು ದಿನಗಳಲ್ಲಿ ಹೊಸ ಕೀಲಿಮಣೆ ಕೊಂಡಿದ್ದರೆ ಹಣ ವ್ಯರ್ಥವಾಗುತ್ತಿತ್ತು.

ಜಯನಗರದ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹನ್ನೆರಡನೆಯ ಹಾಡೂ ಮುಗಿಯಿತು. ಅತ್ತೆಯವರು ಪ್ರತಿಯೊಂದು ನುಡಿಯ ಕೊನೆಗೂ ಕಂಟ್ರೋಲ್, ಎಸ್ ಒತ್ತುವುದನ್ನು ರೂಢಿಮಾಡಿಕೊಂಡಿದ್ದರು. ಹಳೆಯ ಕೀಲಿಮಣೆಯನ್ನು ಮತ್ತೆ ಅಟ್ಟಕ್ಕೆ ಏರಿಸಹೋದ ಮೊಮ್ಮಗನಿಗೆ, "ಅಲ್ಲಿ ಬೇಡಪ್ಪ, ಇಲ್ಲೇ ಮೇಜಿನ ಕೆಳಗಿರಲಿ" ಎಂದರು.